ಎಲ್ಲರ ಲೆಕ್ಕ ಬರೆಯುವ ಹುಡುಗನ ಲೆಕ್ಕ ಯಾರು ಬರೆಯಬೇಕು?

ಮೂರು ತಿಂಗಳ ಹಿಂದೆ, 20ನೇ ತಾರೀಖು, ರಾತ್ರಿ ಹತ್ತೂವರೆ ಆಗಿತ್ತು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ಕಬ್ಬಿನ ಹೊಲದ ಬದುವಿನ ಮೇಲೆ ಕುಂತಿದ್ದೆ. ಇಚಲಕರಂಜಿಯಿಂದ ತಂಗಿಯ ಮಗನ ಫೋನು ಬಂತು.

"ಮಾಮಾ, ಈಗ ಆಫೀಸಿನಿಂದ ಹೊರಗ ಬಂದೆ. ಖಾನಾವಳಿ ಮುಚ್ಚೇತಿ, ಊಟ ಇಲ್ಲ. ನಾಳಿಂದ ನಾ ಹೋಗೂದಿಲ್ಲ. ನೌಕರಿ ಬಿಡ್ತೇನಿ."

ಹುಡುಗನ ವಯಸ್ಸು 24. ಗಡಹಿಂಗ್ಲಜದಲ್ಲಿ ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಇಚಲಕರಂಜಿಯ ಒಬ್ಬ ಬಟ್ಟೆ ವ್ಯಾಪಾರಿಯ ಪೇಢಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಪಗಾರ ₹11,500. ಸೇರಿಸಿದವನು ನಾನೇ. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ನನ್ನ ಬೆಲ್ಲ ತೂಗುವ ಅಡತಿಯವರಿಗೂ ಆ ಬಟ್ಟೆ ವ್ಯಾಪಾರಿಗೂ ಬೀಗತನ. ನಾನು ಅಡತಿಯವರ ಮುಂದೆ ಕೈಮುಗಿದು ಕೇಳಿದ್ದಕ್ಕೆ ಸಿಕ್ಕ ನೌಕರಿ ಅದು. ಅದೇ ಅಡತಿಯವರ ಕಡೆ ಪ್ರತಿ ವರ್ಷ ಹಂಗಾಮಿಗೆ ಮೊದಲು ನಾನು ಉಚಲು ತರುತ್ತೇನೆ. ಹೀಗಾಗಿ "ಬಿಡು" ಅನ್ನುವುದೂ ನನಗೆ ಸುಲಭ ಇರಲಿಲ್ಲ, "ಬಿಡಬ್ಯಾಡ" ಅನ್ನುವುದರಲ್ಲಿ ನನ್ನ ಸ್ವಾರ್ಥವೂ ಇತ್ತು. ಇದನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ.

"ನಾಳೆ ಒಂದು ದಿನ ಹೋಗು. ಐತವಾರ ನಾ ಬರ್ತೇನಿ, ಕೂತು ಲೆಕ್ಕ ಹಾಕೋಣ" ಎಂದೆ.

ಇದು ಒಂದು ಮನೆಯ ಮಾತಲ್ಲ. ಸಂಕೇಶ್ವರ, ನಿಪ್ಪಾಣಿ, ಗಡಹಿಂಗ್ಲಜ, ಕಾಗಲ್ ಸುತ್ತಿನ ಯಾವ ಹಳ್ಳಿಗೆ ಹೋದರೂ ಇಂಥ ಹುಡುಗರು ಸಿಗುತ್ತಾರೆ. ಹುಡುಗಿಯರೂ ಇದ್ದಾರೆ. ವಾಣಿಜ್ಯ ಪದವಿ ಪಡೆದು, ಕಂಪ್ಯೂಟರಿನ ಮುಂದೆ ಕುಂತು ಸಾವಕಾರನ ಲಕ್ಷಗಟ್ಟಲೆ ವ್ಯವಹಾರ ಬರೆದು, ತಿಂಗಳ ಕೊನೆಗೆ ಬಸ್ ಪಾಸಿಗೆ ಮನೆಯಿಂದ ಹಣ ತರಿಸುವವರು. ಇವರು ಆ ನೌಕರಿಯಲ್ಲಿ ಇರಬೇಕೋ ಬಿಡಬೇಕೋ ಎಂಬ ಪ್ರಶ್ನೆಯನ್ನು ನಮ್ಮ ಕಡೆ ಮನೆಯ ಜಗಳವೆಂದೇ ನೋಡುತ್ತಾರೆ. ಅದು ಪೇಟೆಯ ಪ್ರಶ್ನೆಯೂ ಹೌದು.

20ನೇ ತಾರೀಖಿನ ಗುಟ್ಟು

ಇಚಲಕರಂಜಿ ನಮ್ಮ ಜನಕ್ಕೆ ಹೊಸ ಊರಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಆಮೇಲೆ ಊರಿಗೆ ಊರೇ ಮಗ್ಗವಾಯಿತು, ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ನಮ್ಮಜ್ಜ ಸೊಲ್ಲಾಪುರದಲ್ಲಿ ನೇಕಾರಿಕೆ ಬಿಟ್ಟು ಹುಕ್ಕೇರಿ ತಾಲೂಕಿಗೆ ಬಂದು ಹೊಲ ಹಿಡಿದವನು. ಅದಕ್ಕೇ ನಮ್ಮ ಮನೆಯಲ್ಲಿ ಇವತ್ತಿಗೂ ಅಡಿಗಿ ಮನಿಯೊಳಗ ತೆಲುಗು, ಹೊಲದಾಗ ಕನ್ನಡ, ಪೇಟೆಯಾಗ ಮರಾಠಿ. ಮಗ್ಗದ ಮಂದಿಯ ಕಷ್ಟ ಕೇಳಿ ಬೆಳೆದವ ನಾನು. ಆದರೆ ಮಗ್ಗದ ಹಿಂದೆ ಲೆಕ್ಕ ಬರೆಯುವವನ ಕಷ್ಟ ನನಗೆ ಹುಡುಗ ಹೇಳುವವರೆಗೆ ಗೊತ್ತಿರಲಿಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಲೆಕ್ಕದವನ ತಿಂಗಳಿಗೆ ಗಡಿಯಾರ ಕಟ್ಟಿದಂತಾಗಿದೆ. 7ಕ್ಕೆ ಟಿಡಿಎಸ್ ತುಂಬಬೇಕು. 11ಕ್ಕೆ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1. 14ಕ್ಕೆ ಖರೀದಿಯ ಪಟ್ಟಿ ಸರ್ಕಾರದಿಂದ ತಾನಾಗಿ ಬರುತ್ತದೆ, ಅದನ್ನು ನಮ್ಮ ಬಿಲ್ಲುಗಳ ಜೊತೆ ತಾಳೆ ನೋಡಬೇಕು. 20ಕ್ಕೆ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ ಇಷ್ಟು ಎಂದು ದಂಡ, ಮೇಲೆ ಬಡ್ಡಿ. ₹50,000ಕ್ಕಿಂತ ಹೆಚ್ಚಿನ ಮಾಲು ಗಾಡಿ ಹತ್ತಿ ರಾಜ್ಯದ ಗಡಿ ದಾಟಿದರೆ ಇ-ವೇ ಬಿಲ್ಲು. ವರ್ಷಕ್ಕೊಮ್ಮೆ ಆಡಿಟ್ಟಿನ ಗದ್ದಲ.

ಇದರ ನಡುವೆ ನಿಯಮ ಬದಲಾಗುತ್ತಲೇ ಇರುತ್ತವೆ. 2025ರ ಸೆಪ್ಟೆಂಬರ್ 22ರಂದು ಕೃತಕ ನೂಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ವ್ಯಾಪಾರಿಗೆ ಒಳ್ಳೆಯದಾಯಿತು. ಆದರೆ ಹಳೆಯ ದರದ ದಾಸ್ತಾನು, ಹೊಸ ದರದ ಬಿಲ್ಲು, ವಾಪಸು ಬಂದ ಮಾಲು, ಇವನ್ನೆಲ್ಲ ಬೇರೆ ಬೇರೆ ಮಾಡಲು ರಾತ್ರಿ ಕುಂತವರು ₹11,000–12,000 ಪಗಾರದ ಹುಡುಗರು. ಸಣ್ಣ ಉದ್ದಿಮೆದಾರರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎಂಬ ಮಾತು 2006ರ ಕಾಯ್ದೆಯಲ್ಲೇ ಇತ್ತು. ಕೊಡದಿದ್ದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆಯಲ್ಲಿ ಹಿಡಿಯುವುದಿಲ್ಲ ಎಂಬ ಬಿಗಿ 2023-24ರ ಸಾಲಿನಿಂದ ಬಂತು. ಯಾವ ಮಗ್ಗದವನಿಗೆ ಎಷ್ಟು ದಿನವಾಯಿತು ಎಂದು ದಿನ ಎಣಿಸುವವನೂ ಇದೇ ಹುಡುಗ.

ಒಮ್ಮೆ ಅವನು ಒಂದು ತಪ್ಪು ಹಿಡಿದ. ನೂಲು ಮಾರಿದವನೊಬ್ಬ ₹16.80 ಲಕ್ಷದ ಬಿಲ್ಲುಗಳನ್ನು ತನ್ನ ರಿಟರ್ನಿನಲ್ಲಿ ತೋರಿಸಿರಲಿಲ್ಲ. ಹಾಗೇ ಬಿಟ್ಟಿದ್ದರೆ ಶೇ. 5ರಂತೆ ₹84,000 ತೆರಿಗೆ ಜಮೆ ಇವರ ಕೈತಪ್ಪುತ್ತಿತ್ತು. ಹುಡುಗ ನಾಲ್ಕು ಸಲ ಫೋನು ಮಾಡಿ, ಎರಡು ಸಲ ಸ್ವತಃ ಹೋಗಿ ಕುಂತು ಸರಿ ಮಾಡಿಸಿದ. ಮಾಲಕರು ಖುಷಿಯಾಗಿ ಅರ್ಧ ಕಿಲೋ ಪೇಢೆ ಕೊಟ್ಟರು. ಆ ವರ್ಷ ಪಗಾರ ಏರಿದ್ದು ₹500.

ಖರ್ಚಿನ ಪುಟ

ಐತವಾರ ಅವನ ರೂಮಿನಲ್ಲಿ ಕುಂತು ನಾವು ಮೊದಲು ಖರ್ಚು ಬರೆದೆವು. ರೂಮಿನ ಪಾಲು ₹2,200. ಖಾನಾವಳಿ ₹3,400. ಊರಿಗೆ ಹೋಗಿ ಬರುವ ಬಸ್ಸು ₹900. ಫೋನು ₹350. ಚಹಾ, ಸಾಬೂನು, ಔಷಧ, ಕಟಿಂಗು ₹1,150. ಒಟ್ಟು ₹8,000. ಉಳಿದ ₹3,500ರಲ್ಲಿ ತಾಯಿಗೆ ₹2,000. ಕೈಯಲ್ಲಿ ₹1,500.

ಆಮೇಲೆ ತಾಸಿನ ಲೆಕ್ಕ. ತಿಂಗಳಿಗೆ 26 ದಿನ, ಸರಾಸರಿ 10 ತಾಸು, ಒಟ್ಟು 260 ತಾಸು. ತಾಸಿಗೆ ಬಿದ್ದದ್ದು ₹44. ನಮ್ಮ ಕರ್ನಾಟಕದಲ್ಲಿ 2025-26ನೇ ಸಾಲಿನ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಎಂಟು ತಾಸಿಗೆ ಹಂಚಿದರೆ ₹46. ಮಹಾರಾಷ್ಟ್ರದಲ್ಲಿ ₹312, ಅಂದರೆ ₹39. ಪದವೀಧರನ ಬೆಲೆ ಎರಡು ರಾಜ್ಯಗಳ ಮಣ್ಣು ಹೊರುವ ಕೂಲಿಯ ನಡುವೆ ಎಲ್ಲೋ ನಿಂತಿತ್ತು. ಮಣ್ಣು ಹೊರುವುದು ಕೀಳು ಎಂದು ನಾನು ಹೇಳುತ್ತಿಲ್ಲ, ನಾನೂ ಹೊತ್ತವನೇ. ಆದರೆ ಅದಕ್ಕಾಗಿ ತಂಗಿ ಅವನ ಓದಿಗೆಂದು ಸೊಸಾಯಿಟಿಯಲ್ಲಿ ₹60,000 ಸಾಲ ಮಾಡುವ ಅಗತ್ಯ ಇರಲಿಲ್ಲ.

"ನಿನಗ ನೇಮಕದ ಕಾಗದ ಕೊಟ್ಟಾರೇನು?" ಎಂದೆ. ಇಲ್ಲ. "ಪಿಎಫ್?" ಇಲ್ಲ. ಪೇಢಿಯಲ್ಲಿ ಇರುವವರು ಆರೇ ಮಂದಿ. ಪಿಎಫ್ ಕಡ್ಡಾಯವಾಗುವುದು 20 ಮಂದಿ ಇದ್ದರೆ. ಅದರಲ್ಲಿ ಮಾಲಕರ ತಪ್ಪಿಲ್ಲ. "ಕನಿಷ್ಠ ವೇತನ ಎಷ್ಟು ಅಂತ ನೋಡೀಯೇನು?" ಹುಡುಗ ಸುಮ್ಮನಾದ. ಮಹಾರಾಷ್ಟ್ರದಲ್ಲಿ ಅಂಗಡಿ, ಪೇಢಿಗಳ ಕನಿಷ್ಠ ವೇತನದ ಮೇಲಿನ ವಿಶೇಷ ಭತ್ಯೆ ಪ್ರತಿ ಜನವರಿಗೆ, ಜುಲೈಗೆ ಬದಲಾಗುತ್ತದೆ. ಮಗ್ಗದವನ 45 ದಿನ ಎಣಿಸುವವನು ಈ ಪಟ್ಟಿಯನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಅಂದು ಫೋನಿನಲ್ಲೇ ತೆಗೆದು ನೋಡಿದ. ಅವನ ಪಗಾರ ಪಟ್ಟಿಗಿಂತ ಕೆಳಗಿತ್ತು.

ಇಲ್ಲಿ ಒಂದು ಮಾತು ಎಲ್ಲ ಹುಡುಗರಿಗೂ ಹೇಳಬೇಕು. ನಾವು ಕಬ್ಬಿನ ರೈತರು 1966ರ ಕಬ್ಬು ನಿಯಂತ್ರಣ ಆದೇಶವನ್ನು ಬಾಯಿಪಾಠ ಮಾಡಿದ್ದೇವೆ. ಕಬ್ಬು ಕೊಟ್ಟ 14 ದಿನದಲ್ಲಿ ಹಣ, ತಡವಾದರೆ ಶೇ. 15 ಬಡ್ಡಿ. ಓದಿ ಕಲಿತದ್ದಲ್ಲ, ರಸ್ತೆ ಮೇಲೆ ಕುಂತು ಕಲಿತದ್ದು. 2025ರ ನವೆಂಬರದಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕುಂತ ರೈತರು ಟನ್ನಿಗೆ ₹3,300 ಎಂದು ಸರ್ಕಾರದ ಬಾಯಿಂದ ಹೇಳಿಸಿದರು. ಪೇಢಿಯಲ್ಲಿ ಲೆಕ್ಕ ಬರೆಯುವವನಿಗೆ ಇಂಥ ರಸ್ತೆ ಇಲ್ಲ. ಒಂದೊಂದು ಅಂಗಡಿಯಲ್ಲಿ ಒಬ್ಬೊಬ್ಬನೇ ಇರುತ್ತಾನೆ, ಯಾರ ಜೊತೆ ಕೂಡಿ ಕೇಳಬೇಕು? ಆದರೆ ಕಾನೂನು ಅವನಿಗೂ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯಂತೆ ಕನಿಷ್ಠ ವೇತನ ಎಲ್ಲ ಕೆಲಸಗಾರರಿಗೂ ಅನ್ವಯ, ಅಂಗಡಿ ಎಷ್ಟೇ ಸಣ್ಣದಿರಲಿ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಆಗಬೇಕು. ರಾಜೀನಾಮೆ ಕೊಟ್ಟವನ ಬಾಕಿ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ನೇಮಕ ಪತ್ರ ಕೊಡಬೇಕೆಂದೂ ಸರ್ಕಾರ ಹೇಳುತ್ತದೆ. ಸಣ್ಣ ಪೇಢಿಗೆ ಯಾವ ಕಲಮು ಹೇಗೆ ಹಚ್ಚುತ್ತದೆ ಎಂಬುದನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಬೇಕು. ಕೇಳಲಿಕ್ಕೆ ಫೀ ಇಲ್ಲ.

ಮೂರು ದಾರಿ, ಮೂರು ಲೆಕ್ಕ

"ಬಿಟ್ಟು ಏನು ಮಾಡ್ತಿ?" ಎಂದು ಕೇಳಿದೆ. ಹುಡುಗನ ಮನಸ್ಸಿನಲ್ಲಿ ಮೂರು ದಾರಿ ಇದ್ದವು.

ಒಂದು, ಊರಿಗೆ ಬಂದು ಹೊಲ ಮಾಡುವುದು. ತಂಗಿಯ ಮನೆಗೆ ಹಿರಣ್ಯಕೇಶಿಯ ನೀರು ಹತ್ತುವ ಒಂದೂವರೆ ಎಕರೆ ಇದೆ. ಒಳ್ಳೆಯ ವರ್ಷ ಎಕರೆಗೆ 40 ಟನ್ ಎಂದರೆ 60 ಟನ್. ಕಟಾವು, ಸಾಗಣೆ ಹೋಗಿ ಟನ್ನಿಗೆ ₹3,200 ಕೈಗೆ ಬಂದರೆ ₹1,92,000. ಬೀಜ, ಗೊಬ್ಬರ, ನೀರು, ಆಳು ಎಂದು ಎಕರೆಗೆ ₹60,000 ಖರ್ಚು ಹಿಡಿದರೆ ₹90,000 ಹೋಯಿತು. ಉಳಿದದ್ದು ₹1,02,000, ತಿಂಗಳಿಗೆ ₹8,500. ಅದು ಈಗಾಗಲೇ ಮನೆಯ ನಾಲ್ಕು ಮಂದಿಯ ಹೊಟ್ಟೆಗೆ ಹೋಗುತ್ತಿದೆ. ಇವನು ಬಂದರೆ ಹೊಲದಲ್ಲಿ ಒಂದು ಗಾಡಿ ಕಬ್ಬು ಹೆಚ್ಚಾಗುವುದಿಲ್ಲ. ಉಣ್ಣುವ ಬಾಯಿ ಒಂದು ಹೆಚ್ಚಾಗಿ, ತಿಂಗಳಿಗೆ ಬರುವ ₹2,000 ನಿಲ್ಲುತ್ತದೆ. ನಾನು ಒಕ್ಕಲುತನ ಬಿಡು ಎಂದು ಯಾರಿಗೂ ಹೇಳುವವನಲ್ಲ. ಆದರೆ ಸಿಟ್ಟು ಬಂದಾಗ ಓಡಿ ಬರಲಿಕ್ಕೆ ಹೊಲ ಧರ್ಮಶಾಲೆಯಲ್ಲ. ಬರುವುದಾದರೆ ಹೊಸ ಬೆಳೆ, ಹೊಸ ಲೆಕ್ಕ ಹಿಡಿದು ಬರಬೇಕು.

ಎರಡು, ಪುಣೆ. ಗೆಳೆಯನೊಬ್ಬ ಅಲ್ಲಿ ₹20,000 ಗಳಿಸುತ್ತಾನಂತೆ. ನಾವು ಫೋನು ಹಚ್ಚಿ ಅವನ ಖರ್ಚನ್ನೂ ಕೇಳಿದೆವು. ರೂಮು, ಊಟ, ಓಡಾಟ ಸೇರಿ ₹16,500. ಉಳಿತಾಯ ಇಬ್ಬರದೂ ಸಮ, ₹3,500. "ದೂರಪು ಕೊಂಡಲು ನುನುಪು" ಎಂದು ನಮ್ಮವ್ವ ತೆಲುಗಿನಲ್ಲಿ ಅನ್ನುತ್ತಿದ್ದಳು, ದೂರದ ಬೆಟ್ಟ ನುಣ್ಣಗೆ ಎಂದು ಕನ್ನಡದಲ್ಲಿ ನಾವೂ ಅನ್ನುತ್ತೇವೆ. ಎರಡು ಭಾಷೆಯವರಿಗೂ ಒಂದೇ ಬೆಟ್ಟ ಕಂಡಿರಬೇಕು. ಪುಣೆ ಕೆಟ್ಟದ್ದಲ್ಲ, ಆದರೆ ಪಗಾರದ ಅಂಕಿ ಮಾತ್ರ ನೋಡಿ ಹೋಗುವ ಊರಲ್ಲ.

ಮೂರು, ಕೊಲ್ಹಾಪುರದಲ್ಲಿ ಯಾವುದಾದರೂ ಕರ ಸಲಹೆಗಾರರ ಆಫೀಸು ಸೇರುವುದು. ಪಗಾರ ಅಲ್ಲಿಯೂ ದೊಡ್ಡದೇನಲ್ಲ. ಆದರೆ ಒಬ್ಬ ವ್ಯಾಪಾರಿಯ ಬದಲು ಮೂವತ್ತು ವ್ಯಾಪಾರಿಗಳ ಕಾಗದ ಕೈಗೆ ಬರುತ್ತವೆ. ಬೆಲ್ಲ, ಬೆಳ್ಳಿ, ಚಪ್ಪಲಿ, ಫೌಂಡ್ರಿ, ಎಲ್ಲದರ ಲೆಕ್ಕ ಬೇರೆ. 2025ರ ಆಗಸ್ಟ್ 18ರಿಂದ ಮುಂಬೈ ಹೈಕೋರ್ಟಿನ ಸರ್ಕ್ಯೂಟ್ ಪೀಠ ಕೊಲ್ಹಾಪುರದಲ್ಲೇ ನಡೆಯುತ್ತಿದೆ. ಆರು ಜಿಲ್ಲೆಗಳ ವ್ಯಾಜ್ಯ ಅಲ್ಲಿಗೆ ಬರುತ್ತವೆ, ಅವುಗಳ ಜೊತೆ ಲೆಕ್ಕಪತ್ರದ ಕೆಲಸವೂ ಬಂದೇ ಬರುತ್ತದೆ.

ಉದ್ರಿಯೋ, ಮುಳುಗಿದ ಸಾಲವೋ?

ಇಷ್ಟು ಬರೆದ ಮೇಲೆ ನಾನು ಅವನಿಗೆ ಇನ್ನೊಂದು ಪುಟ ತೆಗೆಯಲು ಹೇಳಿದೆ. "ಮೊದಲ ವರ್ಷ ಏನೇನು ಕಲಿತಿ, ಬರಿ. ಎರಡನೇ ವರ್ಷ ಏನು ಕಲಿತಿ, ಬರಿ. ಈ ಆರು ತಿಂಗಳದಾಗ ಏನು ಕಲಿತಿ?"

ಮೊದಲ ವರ್ಷದ ಪಟ್ಟಿ ಪುಟ ತುಂಬಿತು. ಬಿಲ್ಲು ಹೊಡೆಯುವುದು, ಬ್ಯಾಂಕ್ ತಾಳೆ, ಜಿಎಸ್‌ಟಿಆರ್-1. ಎರಡನೇ ವರ್ಷ ಅರ್ಧ ಪುಟ. ಆಡಿಟ್ಟಿಗೆ ಕಾಗದ ಕೊಡುವುದು, ಖರೀದಿ ತಾಳೆ, ಟಿಡಿಎಸ್. ಕೊನೆಯ ಆರು ತಿಂಗಳ ಪುಟ ಖಾಲಿ ಉಳಿಯಿತು. ಮಾರಾಟದ ಬಿಲ್ಲು ಒಂದೇ ಹೊಡೆಸುತ್ತಾರೆ. ರಿಟರ್ನು ತುಂಬುವ ಕೆಲಸ ಕಲಿಸಿ ಎಂದರೆ "ಅದು ಸಿಎ ಆಫೀಸಿನವರು ನೋಡ್ಕೊಳ್ತಾರ" ಎನ್ನುತ್ತಾರೆ.

ನನ್ನ ತೀರ್ಮಾನ ಈ ಖಾಲಿ ಪುಟದ ಮೇಲೆ ನಿಂತಿದೆ. ವ್ಯಾಪಾರಿಗಳ ಭಾಷೆಯಲ್ಲೇ ಹೇಳುತ್ತೇನೆ. ಕಡಿಮೆ ಪಗಾರಕ್ಕೆ ದುಡಿಯುವ ಹುಡುಗ ಮಾಲಕನಿಗೆ ಉದ್ರಿ ಕೊಡುತ್ತಿದ್ದಾನೆ. ಆ ಉದ್ರಿ ಕಲಿಕೆಯ ರೂಪದಲ್ಲಿ ತಿಂಗಳು ತಿಂಗಳು ವಸೂಲಾಗುತ್ತಿದ್ದರೆ ಸಹಿಸಿಕೊಂಡು ಇರಬೇಕು, ಅದು ಫೀ ಕಟ್ಟಿದ ಹಾಗೆ. ವಸೂಲಾತಿ ನಿಂತರೆ ಅದು ಮುಳುಗಿದ ಸಾಲ. ಮುಳುಗಿದ ಸಾಲದ ಮೇಲೆ ಮತ್ತೆ ಉದ್ರಿ ಕೊಡುವ ವ್ಯಾಪಾರಿಯನ್ನು ನಾವು ಶಾಣ್ಯಾ ಅನ್ನುವುದಿಲ್ಲ.

ಸುಮ್ಮನೆ ಬಿಲ್ಲು ಹೊಡೆಯುವ ಕೆಲಸಕ್ಕೆ ಮುಂದೆ ದಿನವೂ ಇಲ್ಲ. ಕಿರ್ದಿ, ಖತಾವಣಿ ಬರೆಯುತ್ತಿದ್ದ ಗುಮಾಸ್ತನ ಕೆಲಸವನ್ನು ಕಂಪ್ಯೂಟರು ಕಸಿಯಿತು. 1986ರಲ್ಲಿ ಗೋಯೆಂಕಾ ತಂದೆ-ಮಗ ಬೆಂಗಳೂರಿನಲ್ಲಿ ಶುರುಮಾಡಿದ ಕಂಪನಿಯ ಟ್ಯಾಲಿ ಇವತ್ತು ಪೇಟೆ ಪೇಟೆಗಳಲ್ಲಿ ಕುಂತಿದೆ. ಈಗ ಬಿಲ್ಲಿನ ಫೋಟೋ ತೆಗೆದರೆ ತಾನೇ ಓದಿ ಖಾತೆಗೆ ಹಾಕುವ ಸಾಫ್ಟ್‌ವೇರುಗಳು ಬಂದಿವೆ. ಅವುಗಳಿಗೆ ₹84,000ದ ವ್ಯತ್ಯಾಸ ತೋರಿಸಲು ಬಂದರೂ ನೂಲಿನವನ ಮನೆ ಬಾಗಿಲಿಗೆ ಹೋಗಿ ಕುಂತು ಸರಿ ಮಾಡಿಸಲು ಬರುವುದಿಲ್ಲ. ಉಳಿಯುವ ವಿದ್ಯೆ ಅದು. ಅದನ್ನು ಕಲಿಯುವ ಜಾಗ ಹುಡುಕಬೇಕು.

ಸಿಟ್ಟಿನಿಂದ ಬಿಟ್ಟವನ ಮಾತು

ಬಿಡುವುದು ಎಂದು ತೀರ್ಮಾನವಾದರೂ ಹೇಗೆ ಬಿಡಬೇಕು ಎಂಬುದು ಅದಕ್ಕಿಂತ ದೊಡ್ಡ ಮಾತು. ಇದರಲ್ಲಿ ನನ್ನ ಅನುಭವ ಕಹಿಯಾದದ್ದು. ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಒಂದು ಅಡತಿ ಅಂಗಡಿಯಲ್ಲಿ ₹350 ಪಗಾರಕ್ಕೆ ಪಟ್ಟಿ ಬರೆಯುತ್ತಿದ್ದೆ. ಎರಡು ವರ್ಷ ಬರೆದೆ. ಒಂದು ದಿನ ತೂಕದಲ್ಲಿ ಬಂದ ವ್ಯತ್ಯಾಸವನ್ನು ನನ್ನ ತಲೆಗೆ ಕಟ್ಟಿದರು. ಪೆನ್ನು ಅಲ್ಲೇ ಇಟ್ಟು ಎದ್ದು ಬಂದೆ. ಎರಡು ತಿಂಗಳ ಪಗಾರ ಬಾಕಿ ಇತ್ತು, ಕೇಳಲಿಲ್ಲ. ನಾ ಇಲ್ಲದಾಗ ವ್ಯತ್ಯಾಸ ನನ್ನ ಹೆಸರಿಗೇ ಗಟ್ಟಿಯಾಯಿತು. ಎಷ್ಟೋ ವರ್ಷ ಆ ಪೇಟೆಗೆ ಹೋಗಲಿಕ್ಕೆ ಮುಖ ಇರಲಿಲ್ಲ. ಬಿಟ್ಟದ್ದು ತಪ್ಪಲ್ಲ, ಲೆಕ್ಕ ಚುಕ್ತಾ ಮಾಡದೆ ಬಿಟ್ಟದ್ದು ತಪ್ಪು.

ಲೆಕ್ಕ ಬರೆಯುವವನ ಬಂಡವಾಳ ಅವನ ಹೆಸರು ಒಂದೇ. ನಮ್ಮ ಈ ಭಾಗದ ಹಿರಿಯರು ಇದನ್ನು ಚೆನ್ನಾಗಿ ಬಲ್ಲರು. ಬಸವಣ್ಣನವರು ಮೊದಲು ಕರಣಿಕರಾಗಿ ಕುಂತದ್ದು ಇವತ್ತು ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಎಂದು ಪರಂಪರೆ ಹೇಳುತ್ತದೆ. ಮರಾಠಿಯ ಸಂತ ಏಕನಾಥರು ಗುರುವಿನ ಲೆಕ್ಕದಲ್ಲಿ ಒಂದು ಪೈ ತಪ್ಪಿದ್ದಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ಹುಡುಕಿದರೆಂಬ ಕಥೆಯನ್ನು ಕೀರ್ತನೆಯವರು ಇವತ್ತಿಗೂ ಹೇಳುತ್ತಾರೆ.

ಇನ್ನೊಂದು ಉದಾಹರಣೆ ಮದ್ರಾಸಿನದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕ ವಿಭಾಗದಲ್ಲಿ ತಿಂಗಳಿಗೆ ₹30ಕ್ಕೆ ಗುಮಾಸ್ತರಾಗಿ ಸೇರಿದರು. ಅವರಿಗಿಂತ ಹೆಚ್ಚು ಆ ಕುರ್ಚಿಗೆ ಒಗ್ಗದವರು ಯಾರಿದ್ದರು? ಆದರೂ ಪೆನ್ನು ಬಿಸಾಕಿ ಎದ್ದು ಹೋಗಲಿಲ್ಲ. ಮೇಲಿನ ಅಧಿಕಾರಿಗಳ ನೆರವು ಪಡೆದರು, ಹೊರಗಿನ ವಿದ್ವಾಂಸರಿಗೆ ಪತ್ರ ಬರೆದರು. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ ₹75 ವಿದ್ಯಾರ್ಥಿವೇತನ ಕೊಟ್ಟ ಮೇಲೆ ಆ ಕೆಲಸದಿಂದ ಬಿಡುವು ಪಡೆದರು. ಎಲ್ಲರೂ ರಾಮಾನುಜನ್ ಆಗುವುದಿಲ್ಲ. ಆದರೆ ಮುಂದಿನ ಮೆಟ್ಟಿಲ ಮೇಲೆ ಕಾಲು ಊರಿದ ಮೇಲೆ ಹಿಂದಿನ ಮೆಟ್ಟಿಲಿಂದ ಕಾಲು ಎತ್ತುವುದನ್ನು ಎಲ್ಲರೂ ಕಲಿಯಬಹುದು.

ಅಂದು ನಾವು ಹಾಕಿಕೊಂಡ ಕರಾರು ಹೀಗಿತ್ತು. ಒಂದು, ಎರಡು ತಿಂಗಳ ಖರ್ಚು ₹16,000 ಕೈಯಲ್ಲಿ ಆಗುವವರೆಗೆ ರಾಜೀನಾಮೆ ಇಲ್ಲ. ಎರಡು, ಅದರೊಳಗೆ ಮಾಲಕರನ್ನು ಒಮ್ಮೆ ನೇರವಾಗಿ ಕೇಳಬೇಕು. ಬಾಯಿಮಾತಿನಲ್ಲಿ ಅಲ್ಲ, ಕಾಗದದ ಮೇಲೆ. ಮೂರು, ಬೇರೆ ಕಡೆ ಕೆಲಸದ ಕಾಗದ ಕೈಗೆ ಬರಬೇಕು. ನಾಲ್ಕು, ಒಂದು ತಿಂಗಳ ಮುಂಚಿತ ತಿಳಿವಳಿಕೆ ಕೊಟ್ಟು, ಕಿರ್ದಿ, ಪಾಸ್‌ವರ್ಡು, ಬಾಕಿ ಪಟ್ಟಿ ಎಲ್ಲ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ತೆಗೆದುಕೊಂಡು ಹೊರಬರಬೇಕು.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು

ಈ ಪುಟ ಓದುವ ವ್ಯಾಪಾರಿಗಳು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಕಷ್ಟ ನನಗೆ ಗೊತ್ತು. ಬಟ್ಟೆ ಪೇಟೆಯಲ್ಲಿ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ, ನೂಲಿನ ಭಾವ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಆದರೆ ಅಗ್ಗದ ಲೆಕ್ಕಿಗ ಅಗ್ಗವೇ? ಪಗಾರಕ್ಕೆ ತಿಂಗಳಿಗೆ ₹3,500 ಹೆಚ್ಚು ಕೊಟ್ಟರೆ ವರ್ಷಕ್ಕೆ ₹42,000. ಈ ಹುಡುಗ ಒಂದೇ ಸಲಕ್ಕೆ ಉಳಿಸಿದ್ದು ₹84,000, ಅಂದರೆ ಎರಡು ವರ್ಷದ ಏರಿಕೆ. ಕೆಲಸ ಬಲ್ಲವನು ಹೋದ ಮೇಲೆ ಹೊಸಬ ಬಂದು ಮೊದಲ ಆರು ತಿಂಗಳು ಮಾಡುವ ತಪ್ಪುಗಳಿಗೆ ಬಿಲ್ಲು ಬರುವುದಿಲ್ಲ, ನೋಟಿಸು ಬರುತ್ತದೆ.

ಗಡಿಯ ವ್ಯಾಪಾರಿಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸಂಕೇಶ್ವರದ ಮೆಣಸಿನಕಾಯಿ ಗಡಹಿಂಗ್ಲಜದ ಪೇಟೆಗೆ ಹೋಗುತ್ತದೆ. ದಾರಿ ಅರ್ಧ ತಾಸಿನದು. ಆದರೆ ರಾಜ್ಯ ಬೇರೆಯಾದ್ದರಿಂದ ತೆರಿಗೆಯ ಖಾತೆ ಬೇರೆ, ಐಜಿಎಸ್‌ಟಿ. ಅದೇ ಮಾಲು ಹುಕ್ಕೇರಿಗೆ ಹೋದರೆ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಒಂದು ಕಡೆಯ ಪಟ್ಟಿ ಕನ್ನಡದಲ್ಲಿ, ಇನ್ನೊಂದು ಕಡೆಯದು ಮರಾಠಿಯಲ್ಲಿ. ಎರಡೂ ಭಾಷೆ ಓದಿ, ಎರಡೂ ಕಡೆಯ ದಲಾಲರ ಜೊತೆ ಮಾತಾಡಿ, ತೆರಿಗೆಯನ್ನು ಸರಿಯಾದ ಖಾತೆಗೆ ಹಾಕುವ ಹುಡುಗ ಪುಣೆಯಲ್ಲಿ ಸಿಗುವುದಿಲ್ಲ. ನಮ್ಮ ಹಳ್ಳಿಗಳಲ್ಲೇ ಸಿಗುತ್ತಾನೆ. ಅವನನ್ನು ನಾವೇ ಪುಣೆಗೆ ಓಡಿಸುತ್ತಿದ್ದೇವೆ.

ಹುಡುಗರೂ ಈ ಎರಡು ಭಾಷೆಯ ಬೆಲೆ ತಿಳಿಯಬೇಕು. ವಾಣಿಜ್ಯ ಪದವಿ ಇದ್ದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಹೆಸರು ನೋಂದಾಯಿಸಿ, ಅದಕ್ಕಿರುವ ಪರೀಕ್ಷೆ ಪಾಸಾದರೆ ವ್ಯಾಪಾರಿಗಳ ರಿಟರ್ನು ತಾವೇ ಸಲ್ಲಿಸಬಹುದು. ಗಡಹಿಂಗ್ಲಜದಂಥ ಊರಿನಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿ ಕುಂತರೂ ಎರಡು ರಾಜ್ಯದ ಗಿರಾಕಿ ಬಂದಾರು. ಆದರೆ ಅದಕ್ಕೆ ಮೊದಲು ನಾಲ್ಕು ತರಹದ ವ್ಯಾಪಾರದ ಕಾಗದ ಕೈಯಲ್ಲಿ ಆಡಿರಬೇಕು.

ಮುಂದೆ ಏನಾಯಿತು?

ಹುಡುಗ ಒಂದು ಪುಟ ಬರೆದುಕೊಂಡು ಮಾಲಕರ ಮುಂದೆ ಇಟ್ಟ. ಮಾಡಿದ ಕೆಲಸ, ಉಳಿಸಿದ ಹಣ, ಕನಿಷ್ಠ ವೇತನದ ಪಟ್ಟಿ, ಬೇಡಿಕೆ ₹15,000, ನೇಮಕದ ಕಾಗದ. ಮಾಲಕರು ಪೂರ್ತಿ ಓದಿದರಂತೆ. ಬೈಯಲಿಲ್ಲ. "₹1,500 ಏರಿಸ್ತೇನಿ, ಕಾಗದದ ಮಾತು ದೀಪಾವಳಿ ಆದ ಮ್ಯಾಲ ನೋಡೋಣು" ಎಂದರು. ಎಷ್ಟನೇ ದೀಪಾವಳಿ ಎಂದು ಹೇಳಲಿಲ್ಲ.

ಅವನ ಕೈಯಲ್ಲಿ ₹9,000 ಇತ್ತು. ಎರಡು ತಿಂಗಳಲ್ಲಿ ₹3,000 ಕೂಡಿತು. ಉಳಿದ ₹4,000 ನಾನು ಕೈಗಡ ಕೊಟ್ಟೆ. ಅಷ್ಟರಲ್ಲಿ ಕೊಲ್ಹಾಪುರದ ಒಬ್ಬ ಕರ ಸಲಹೆಗಾರರ ಕಡೆ ₹13,000ಕ್ಕೆ ಕೆಲಸ ಗೊತ್ತಾಯಿತು, ನೇಮಕದ ಕಾಗದ ಸಮೇತ. ಕೊಲ್ಹಾಪುರದ ಖರ್ಚು ₹800 ಹೆಚ್ಚು. ಅಂದರೆ ಉಳಿಯುವುದು ₹4,200. ಲಾಭ ಬರೀ ₹700.

"ಏಳುನೂರು ರೂಪಾಯಿ ಸಲುವಾಗಿ ಇದ್ದ ನೌಕರಿ ಬಿಟ್ಟನೇನು?" ಎಂದು ತಂಗಿ ಅತ್ತಳು. ಅವಳ ಸಾಲದ ಕಂತು ಇನ್ನೂ ಇದೆ, ಅವಳ ಹೆದರಿಕೆ ಸುಳ್ಳಲ್ಲ. ₹700ಕ್ಕಲ್ಲ, ಖಾಲಿ ಪುಟಕ್ಕಾಗಿ ಬಿಟ್ಟ ಎಂದು ನಾನು ಹೇಳಿದೆ. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು. ಒಂದು ವರ್ಷದ ಮೇಲೆ ಮತ್ತೆ ಕೂತು ಪುಟ ತೆರೆಯೋಣ, ಆಗಲೂ ಖಾಲಿ ಇದ್ದರೆ ತಪ್ಪು ನನ್ನದು ಎಂದು ಮಾತು ಕೊಟ್ಟಿದ್ದೇನೆ.

ಈಗ ಹುಡುಗ ಕೊನೆಯ ತಿಂಗಳು ಮಾಡುತ್ತಿದ್ದಾನೆ. ಹೊಸದಾಗಿ ಬಂದ ಒಬ್ಬ ಹುಡುಗಿಗೆ 14ನೇ ತಾರೀಖಿನ ತಾಳೆ ಹೇಗೆ ನೋಡಬೇಕೆಂದು ಕಲಿಸುತ್ತಿದ್ದಾನೆ. ಕನಿಷ್ಠ ವೇತನದ ಪಟ್ಟಿ ಎಲ್ಲಿ ಸಿಗುತ್ತದೆ ಎಂಬುದನ್ನೂ ತೋರಿಸಿದನಂತೆ.

ಹೋದ ವಾರ ಬೆಲ್ಲ ಒಯ್ದು ಕೊಲ್ಹಾಪುರಕ್ಕೆ ಹೋಗಿದ್ದೆ. ವಿಷಯ ನನ್ನ ಬಾಯಿಂದಲೇ ತಿಳಿಯಲಿ ಎಂದು ಅಡತಿಯವರಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಬೆಲ್ಲದ ಭಾವ ಹೇಳಿದರು, ಚಹಾ ತರಿಸಿದರು. ಹುಡುಗನ ಮಾತು ಎತ್ತಲಿಲ್ಲ. ಈ ಸಲ ಉಚಲು ಕೇಳುವ ಧೈರ್ಯ ನನಗೆ ಆಗಲಿಲ್ಲ. ಪಟ್ಟಿ ಇಸಕೊಂಡು, ಅಲ್ಲೇ ನಿಂತು ಎರಡು ಸಲ ಕೂಡಿಸಿ ನೋಡಿ, ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಲೆಕ್ಕ ಸರಿ ಇತ್ತು.